ಐಪಿಎಕ್ಸ್ 7 ಎಂದು ಬರೆದಿದ್ದರೂ ಫಿಶ್ ಫೈಂಡರ್ ಒಳಗೆ ಮಂಜು ಹೇಗೆ ಬಂತು?

ಪ್ರಶ್ನೆ: ನಾನು ಕುಮಟಾದವನು. ಕಳೆದ ವರ್ಷ ಹತ್ತು ಅಡಿಯ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಕೊಂಡು ಅಘನಾಶಿನಿ ಅಳಿವೆಯಲ್ಲಿ ಗಾಳ ಹಾಕುತ್ತಿದ್ದೇನೆ. ಸಮುದ್ರ ಶಾಂತವಾಗಿದ್ದಾಗ ಅಳಿವೆಬಾಯಿ ದಾಟಿ ಸ್ವಲ್ಪ ಹೊರಗೂ ಹೋಗುವುದುಂಟು. ನೀರಿನಡಿಯ ಮೀನನ್ನು ತೋರಿಸುವ, ನಾಲ್ಕು ಇಂಚು ಪರದೆಯ ಫಿಶ್ ಫೈಂಡರ್ ಕೂರಿಸಿದ್ದೇನೆ. ಪೆಟ್ಟಿಗೆಯ ಮೇಲೆ ನೀರು ತಡೆಯುವ ಮಟ್ಟವಾಗಿ ‘ಐಪಿಎಕ್ಸ್ 7, ಒಂದು ಮೀಟರ್ ಆಳ, 30 ನಿಮಿಷ’ ಎಂದಿತ್ತು. ಅದು ಒಮ್ಮೆಯೂ ನೀರಿಗೆ ಬಿದ್ದಿಲ್ಲ. ದಿನವೂ ಮನೆಗೆ ತಂದು ಪೈಪಿನಿಂದ ಚೆನ್ನಾಗಿ ತೊಳೆಯುತ್ತೇನೆ. ಆದರೂ ಈಗ ಬೆಳಿಗ್ಗೆ ಗಾಜಿನ ಒಳಬದಿಯಲ್ಲಿ ಮಂಜು ಕಾಣುತ್ತದೆ. ಪವರ್ ವೈರಿನ ಪ್ಲಗ್‌ನಲ್ಲಿ ಒಂದು ಪಿನ್ ಹಸಿರಾಗಿ ಸವೆದಿದೆ, ಯಂತ್ರ ನಡುನಡುವೆ ಆರಿಹೋಗುತ್ತದೆ. ಎರಡು ದಿನ ಅಕ್ಕಿಯಲ್ಲಿ ಹೂತಿಟ್ಟೆ, ಪ್ರಯೋಜನವಾಗಲಿಲ್ಲ. ಐಪಿ 68 ಇರುವುದನ್ನು ಕೊಳ್ಳಬೇಕೆ? ಬ್ಯಾಟರಿಗೆ ಗಾಳಿಯಾಡದ ಡಬ್ಬಿ ಸಾಕೆ?

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ಮಂಜಿಗಿಂತ ಮೊದಲು ಆ ಹಸಿರು ಪಿನ್ನಿನ ಮೇಲೆ ನಿಂತಿತು. ಎರಡು ಪಿನ್‌ಗಳೂ ಒಂದೇ ನೀರಿನಲ್ಲಿ ನೆನೆದಿವೆ, ಒಂದೇ ಉಪ್ಪು ತಿಂದಿವೆ. ಕಿಲುಬು ಹಿಡಿದು ಸವೆದದ್ದು ಮಾತ್ರ ಒಂದು. ಅದು ಪ್ಲಸ್ ಪಿನ್ ಎಂದು ಮಲ್ಪೆಯಲ್ಲಿ ಕುಳಿತೇ ಹೇಳಬಲ್ಲೆ. ದೋಣಿಗಳ ಫಿಶ್ ಫೈಂಡರ್, ಜಿಪಿಎಸ್, ವಯರ್‌ಲೆಸ್‌ಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಮೇಜಿನ ಮೇಲೆ ಬಂದ ಇಂಥ ಪ್ಲಗ್‌ಗಳನ್ನು ಎಸೆಯದೆ ಇಟ್ಟುಕೊಂಡಿದ್ದರೆ ಒಂದು ಮೀನು ಬುಟ್ಟಿ ತುಂಬುತ್ತಿತ್ತು. ಈಚೆಗೆ ಕಯಾಕ್‌ನವರೂ ಬರತೊಡಗಿದ್ದಾರೆ. ಅವರ ಯಂತ್ರಗಳು ಸಾಯುವ ರೀತಿಯೇ ಬೇರೆ.

ಇನ್ನೊಂದು ವಿಷಯವನ್ನೂ ಊಹಿಸುತ್ತೇನೆ, ತಪ್ಪಿದ್ದರೆ ತಿದ್ದಿ. ದಡಕ್ಕೆ ಬಂದ ಕೂಡಲೇ ನೀವು ಪರದೆಯ ಪ್ಲಗ್ ಎಳೆದು, ಯಂತ್ರವನ್ನು ಚೀಲಕ್ಕೆ ಹಾಕುತ್ತೀರಿ. ಅದು ಬೆಲೆಬಾಳುವ ವಸ್ತು, ಮೊದಲು ಅದನ್ನು ಕಾಪಾಡಬೇಕು ಅನ್ನಿಸುವುದು ಸಹಜ. ವೈರನ್ನು ಸುತ್ತಿ ಕಯಾಕ್‌ನ ಹಿಂದಿನ ಗುಂಡಿಯಲ್ಲೇ ಬಿಡುತ್ತೀರಿ. ಬ್ಯಾಟರಿಯನ್ನು ಕಳಚುವುದು ಮನೆಗೆ ಹೋದ ಮೇಲೆ, ಕೆಲವೊಮ್ಮೆ ಮರುದಿನ. ಅಷ್ಟು ಹೊತ್ತು 12 ವೋಲ್ಟ್ ಹರಿಯಲು ಸಿದ್ಧವಾಗಿರುವ ಪ್ಲಗ್ಗಿನ ತುದಿ, ಎರಡು ಬೆರಳು ಉಪ್ಪುನೀರು ನಿಂತ ಗುಂಡಿಯಲ್ಲಿ ಬಾಯಿ ತೆರೆದುಕೊಂಡು ಮಲಗಿರುತ್ತದೆ.

ಅಲ್ಲಿ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕದಡಿ. 9 ವೋಲ್ಟಿನ ಚೌಕ ಬ್ಯಾಟರಿಯ ಎರಡು ತುದಿಗಳಿಂದ ಎರಡು ತಾಮ್ರದ ತಂತಿ ಎಳೆದು, ಒಂದಕ್ಕೊಂದು ತಾಗದಂತೆ ನೀರಿನಲ್ಲಿ ಮುಳುಗಿಸಿ. ಕಿಟಕಿ ತೆರೆದಿರಲಿ. ಮೈನಸ್ ತಂತಿಯಿಂದ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳುತ್ತದೆ. ಪ್ಲಸ್ ತಂತಿಯ ಸುತ್ತ ಹಳದಿ ಹಸಿರು ಬಣ್ಣದ ಕೊಳೆ ಇಳಿಯತೊಡಗುತ್ತದೆ. ಆ ಕೊಳೆಯೇ ನಿಮ್ಮ ತಂತಿ. ಹತ್ತು ನಿಮಿಷ ಬಿಟ್ಟು ಎರಡನ್ನೂ ಒರೆಸಿ ಪಕ್ಕಪಕ್ಕದಲ್ಲಿಟ್ಟು ನೋಡಿ: ಮೈನಸ್ ಹೊಳೆಯುತ್ತಿರುತ್ತದೆ, ಪ್ಲಸ್ ಇಲಿ ಕಡಿದಂತಾಗಿರುತ್ತದೆ. ಲೆಕ್ಕವೂ ಸರಳ. ಒಂದು ಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದರೆ ಪ್ಲಸ್ ತುದಿಯಿಂದ ಸುಮಾರು 1.2 ಗ್ರಾಂ ತಾಮ್ರ ಕರಗುತ್ತದೆ. ನಿಮ್ಮ ಪ್ಲಗ್ಗಿನ ಪಿನ್ ಒಂದು ಮಿಲಿಮೀಟರ್ ದಪ್ಪ, ಎಂಟು ಮಿಲಿಮೀಟರ್ ಉದ್ದ ಎಂದುಕೊಂಡರೆ ಅದರ ತೂಕ 60 ಮಿಲಿಗ್ರಾಂ ಕೂಡ ಇಲ್ಲ. ಆಂಪಿಯರಿನ ಇಪ್ಪತ್ತನೇ ಒಂದು ಪಾಲು ಸೋರಿದರೂ ಕಾಗದದ ಲೆಕ್ಕದ ಪ್ರಕಾರ ಒಂದು ಗಂಟೆಗೆ ಪಿನ್ ಮುಗಿಯುತ್ತದೆ. ಲೇಪನ ಇರುವುದರಿಂದ ನಿಜದಲ್ಲಿ ಸ್ವಲ್ಪ ತಡವಾಗಬಹುದು. ಅಷ್ಟೇ ವ್ಯತ್ಯಾಸ.

ಹಾಗಾಗಿ ನಾಳೆಯಿಂದಲೇ ಒಂದು ಕ್ರಮ ಬದಲಿಸಿ. ದಡಕ್ಕೆ ಬಂದ ಮೇಲೆ ಮೊದಲು ಬ್ಯಾಟರಿ ಕಳಚಬೇಕು, ಆಮೇಲೆ ಪ್ಲಗ್ ಎಳೆಯಬೇಕು. ಹೋಗುವಾಗ ಮೊದಲು ಪ್ಲಗ್ ಕೂರಿಸಿ, ಒಣಗಿದೆ ಎಂದು ಖಾತ್ರಿಯಾದ ಮೇಲೆ ಬ್ಯಾಟರಿ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ, ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟರ ಫ್ಯೂಸ್ ಒಂದಿರಲಿ, ಅದರ ಪಕ್ಕ ನೀರು ತಡೆಯುವ ಸ್ವಿಚ್ ಒಂದಿರಲಿ. ಇಷ್ಟು ಮಾಡಿದವರ ಪ್ಲಗ್ ನನ್ನ ಮೇಜಿಗೆ ಎರಡನೆಯ ಸಲ ಬರುವುದು ಅಪರೂಪ. ಸವೆದಿರುವ ನಿಮ್ಮ ವೈರನ್ನು ಉಜ್ಜಿ ಉಪಯೋಗಿಸಬೇಡಿ, ಹೊಸದನ್ನು ತರಿಸಿ. ನಡುನಡುವೆ ಯಂತ್ರ ಆರಿಹೋಗುವುದಕ್ಕೆ ಆ ಪಿನ್ನೇ ಕಾರಣವಾಗಿರುವ ಸಾಧ್ಯತೆ ಬಹಳ. ಹೊಸ ವೈರು ಹಾಕಿದರೆ ನಿಮ್ಮ ಹಳೆಯ ಯಂತ್ರವೇ ಇನ್ನೂ ಕೆಲವು ವರ್ಷ ನಡೆದೀತು.

ಈಗ ಆ ಐಪಿಎಕ್ಸ್ 7ರ ಮಾತು. ಈ ಅಂಕಿಗಳು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದಿಂದ ಬಂದವು. ಮೊದಲ ಸ್ಥಾನ ಧೂಳಿನದು, ಎರಡನೆಯದು ನೀರಿನದು. ಧೂಳಿನ ಜಾಗದಲ್ಲಿ ಎಕ್ಸ್ ಇದ್ದರೆ ‘ಧೂಳಿನ ಬಗ್ಗೆ ನಾವು ಏನೂ ಹೇಳುತ್ತಿಲ್ಲ’ ಎಂದರ್ಥ. ಸೊನ್ನೆ ಎಂದಲ್ಲ. ನೀರಿನ 7 ಎಂದರೆ, ನಿಮ್ಮ ಯಂತ್ರದಂಥ ಚಿಕ್ಕ ವಸ್ತುವನ್ನು ಅದರ ತಳ ಒಂದು ಮೀಟರ್ ಕೆಳಗಿರುವಂತೆ ನಿಂತ ಸಿಹಿನೀರಿನಲ್ಲಿ 30 ನಿಮಿಷ ಮುಳುಗಿಸಿ ನೋಡಿದ್ದಾರೆ ಎಂದು. ಯಂತ್ರಕ್ಕೂ ನೀರಿಗೂ ಉಷ್ಣತೆಯ ಅಂತರ ಐದು ಡಿಗ್ರಿಗಿಂತ ಹೆಚ್ಚಿರಬಾರದು ಎಂಬ ಷರತ್ತು ಆ ಪರೀಕ್ಷೆಯಲ್ಲೇ ಇದೆ. ಮುಚ್ಚಳಗಳೆಲ್ಲ ಬಿಗಿಯಾಗಿ ಕುಳಿತಿರುತ್ತವೆ. ವಸ್ತು ಹೊಸದಾಗಿರುತ್ತದೆ. ಅಷ್ಟಾದ ಮೇಲೂ ಮಾನದಂಡ ಹೇಳುವುದು ‘ಹಾನಿ ಮಾಡುವಷ್ಟು ನೀರು ಒಳಹೋಗಬಾರದು’ ಎಂದು. ಒಂದು ಹನಿಯೂ ಹೋಗಬಾರದು ಎಂದು ಎಲ್ಲಿಯೂ ಬರೆದಿಲ್ಲ.

ಅಘನಾಶಿನಿಯ ಮೇಲೆ ಏಪ್ರಿಲ್ ತಿಂಗಳ ಮಧ್ಯಾಹ್ನ ಈ ಷರತ್ತುಗಳಲ್ಲಿ ಯಾವುದು ಉಳಿಯುತ್ತದೆ? ಕಪ್ಪು ಪ್ಲಾಸ್ಟಿಕ್ಕಿನ ಯಂತ್ರ ಬಿಸಿಲಿಗೆ ಮುಖವೊಡ್ಡಿ ಕುಳಿತಿದೆ, ಮುಟ್ಟಿದರೆ ಕೈ ಸುಡುತ್ತದೆ. ಒಳಗಿನ ಗಾಳಿ 55 ಡಿಗ್ರಿಗೆ ಏರಿದೆ ಎನ್ನೋಣ. ಆಗ ಒಂದು ಅಲೆ ಅಡ್ಡ ಬಂದು ಪರದೆಯ ಮೇಲೆಯೇ ಕವುಚಿಕೊಳ್ಳುತ್ತದೆ, ಅಥವಾ ನೀವೇ ಹುಟ್ಟಿನಿಂದ ನಾಲ್ಕು ಬೊಗಸೆ ನೀರು ಸುರಿಯುತ್ತೀರಿ. ನೀರು 28 ಡಿಗ್ರಿ. ಬಿಸಿ ಅನ್ನ ಹಾಕಿ ಬಿಗಿಯಾಗಿ ಮುಚ್ಚಿದ ಸ್ಟೀಲ್ ಡಬ್ಬಿಯನ್ನು ನೆನಪಿಸಿಕೊಳ್ಳಿ: ಆರಿದ ಮೇಲೆ ಮುಚ್ಚಳ ಜಗ್ಗಿದರೂ ಬರುವುದಿಲ್ಲ. ಒಳಗಿನ ಗಾಳಿ ಕುಗ್ಗಿ ಮುಚ್ಚಳವನ್ನು ಒಳಕ್ಕೆ ಹೀರಿಕೊಂಡಿರುತ್ತದೆ. ನಿಮ್ಮ ಯಂತ್ರದೊಳಗೂ ಅದೇ. 55ರಿಂದ 28ಕ್ಕೆ ಪೂರ್ತಿ ಇಳಿದರೆ ಒಳಗಿನ ಒತ್ತಡ ಸುಮಾರು 8 ಕಿಲೋಪಾಸ್ಕಲ್ ಕಡಿಮೆಯಾಗುತ್ತದೆ, ಅದು ಸಮುದ್ರದಲ್ಲಿ 80 ಸೆಂಟಿಮೀಟರ್ ಆಳದ ಒತ್ತಡ. ನೀರಿಗೆ ಬೀಳದೆ, ನಿಮ್ಮ ಮೊಣಕಾಲಿನ ಮುಂದೆ ಕುಳಿತಲ್ಲೇ ಆ ಯಂತ್ರ ಹೆಚ್ಚು ಕಡಿಮೆ ಒಂದು ಮೀಟರ್ ಆಳದ ಪರೀಕ್ಷೆಗೆ ಒಳಗಾಗಿದೆ. ದಿನಕ್ಕೆ ನಾಲ್ಕೈದು ಸಲ ಹೀಗಾದರೆ ವರ್ಷಕ್ಕೆ ಎಷ್ಟು ಸಲ, ನೀವೇ ಎಣಿಸಿ. ಪೆಟ್ಟಿಗೆಯ ಮೇಲಿದ್ದದ್ದು ಒಂದೇ ಸಲದ ಭರವಸೆ.

ನೀರು ಬೀಳದಿದ್ದರೂ ಈ ಉಸಿರಾಟ ನಿಲ್ಲುವುದಿಲ್ಲ. ಹಗಲು ಕಾದಾಗ ಒಳಗಿನ ಗಾಳಿ ರಬ್ಬರ್ ಪಟ್ಟಿಯ ಸಂದಿನಿಂದ ಒಂದಿಷ್ಟು ಹೊರಬರುತ್ತದೆ, ರಾತ್ರಿ ತಣಿದಾಗ ಕರಾವಳಿಯ ಹಸಿ ಗಾಳಿ ಒಳಗೆ ಹೋಗುತ್ತದೆ. ಬೆಳಿಗ್ಗೆ ನೀವು ಗಾಜಿನ ಮೇಲೆ ಕಾಣುವ ಮಂಜು ಅದೇ ಹಸಿ ಗಾಳಿಯ ಬೆವರು. ಇದನ್ನು ತಡೆಯಲು ಕೆಲವು ಯಂತ್ರಗಳ ಬೆನ್ನಿಗೆ ಒಂದು ಸಣ್ಣ ಪೊರೆ ಕೂರಿಸಿರುತ್ತಾರೆ. ಅದು ಗಾಳಿಯನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ. ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡ ತೂತಿನಂತೆ ಕಾಣುವುದರಿಂದ ಅದನ್ನು ಕಸ ಎಂದುಕೊಂಡು ಸೂಜಿಯಿಂದ ಕೆದಕಿ ತಂದವರನ್ನೂ ಕಂಡಿದ್ದೇನೆ. ಸೋಪಿನ ನೀರೂ ಅದಕ್ಕೆ ಶತ್ರುವೇ: ಸೋಪು ನೀರಿನ ಬಿಗುವನ್ನು ಸಡಿಲಿಸುತ್ತದೆ, ಸಡಿಲಾದ ನೀರು ಆ ಪೊರೆಯ ಕಣ್ಣುಗಳೊಳಗೆ ಇಳಿಯುತ್ತದೆ. ಪಾತ್ರೆ ತೊಳೆಯುವ ದ್ರವ ಹಾಕಿ ಫಿಶ್ ಫೈಂಡರ್ ತೊಳೆಯುವ ಅತಿ ಶುಚಿಯವರು ಇದನ್ನು ಗಮನಿಸಬೇಕು.

ತೊಳೆಯುವ ಮಾತು ಬಂದದ್ದರಿಂದ ನಿಮ್ಮ ಪೈಪಿನ ವಿಚಾರ. ಏಳು ಆರಕ್ಕಿಂತ ದೊಡ್ಡದು ಎಂಬ ಶಾಲೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದರಿಂದ ಆರರವರೆಗಿನ ಅಂಕಿಗಳು ಹನಿ, ಎರಚಲು, ಚಿಮ್ಮುವ ನೀರಿಗೆ ಸೇರಿದವು. 7 ಮತ್ತು 8 ಮುಳುಗುವುದಕ್ಕೆ ಸೇರಿದವು. ಮುಳುಗುವ ಪರೀಕ್ಷೆಯಲ್ಲಿ ಪಾಸಾದದ್ದು ಚಿಮ್ಮುವ ನೀರಿನ ಪರೀಕ್ಷೆಯಲ್ಲಿ ಪಾಸಾಗಿರಬೇಕೆಂದಿಲ್ಲ. ಎರಡೂ ಆಗಿದ್ದರೆ ಐಪಿಎಕ್ಸ್ 6, ಐಪಿಎಕ್ಸ್ 7 ಎಂದು ಎರಡನ್ನೂ ಬರೆಯುತ್ತಾರೆ. ನಿಮ್ಮದರ ಮೇಲೆ 7 ಒಂದೇ ಇದೆ. ಐದನೆಯ ಅಂಕಿಯ ಪರೀಕ್ಷೆಯನ್ನೇ ತೆಗೆದುಕೊಳ್ಳಿ: 6.3 ಮಿಲಿಮೀಟರ್ ಬಾಯಿಯ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು. ಬಾಯಿಯಿಂದ ಹೊರಡುವಾಗ ಆ ನೀರಿನ ವೇಗ ಸೆಕೆಂಡಿಗೆ 6.7 ಮೀಟರಿನ ಹತ್ತಿರ. ಆ ವೇಗದಲ್ಲಿ ಬಡಿದರೆ ಬಡಿದ ಜಾಗದಲ್ಲಿ ಎರಡು ಮೀಟರಿಗೂ ಹೆಚ್ಚು ಆಳದ ಒತ್ತಡ ಹುಟ್ಟುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀವು ಚಿಮ್ಮಿಸುವ ನೀರು ಇದರ ಅಕ್ಕನೋ ತಂಗಿಯೋ ಇದ್ದೀತು. ಅಂದರೆ, ಸಮುದ್ರ ಮಾಡದಿದ್ದ ಕೆಲಸವನ್ನು ಪ್ರತಿ ಸಂಜೆ ಅಂಗಳದಲ್ಲಿ ನೀವೇ ಮಾಡುತ್ತಿದ್ದಿರಿ. ಬೇಸರಿಸಬೇಡಿ, ತೊಳೆಯುವ ಅಭ್ಯಾಸ ಒಳ್ಳೆಯದೇ. ಚಿಮ್ಮಿಸುವ ಬದಲು ಚೊಂಬಿನಿಂದ ಸುರಿಯಿರಿ. ವೈರಿನ ತೂತುಗಳಿಗೆ ಮುಚ್ಚಳ ಹಾಕಿ, ಯಂತ್ರ ತಣಿಯುವವರೆಗೆ ನೆರಳಿನಲ್ಲಿಟ್ಟು, ಆಮೇಲೆ ಎರಡು ಚೊಂಬು ಸಿಹಿನೀರು ಸುರಿದು ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು.

ಇದೇ ಕಾರಣಕ್ಕೆ ಕಯಾಕನ್ನು ಕಾರಿನ ಮೇಲೆ ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಯಂತ್ರವನ್ನು ಅದರ ಮೇಲೆಯೇ ಬಿಡಬೇಡಿ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಆ ವೇಗದಲ್ಲಿ ಮುಖಕ್ಕೆ ಬಡಿಯುವ ಮಳೆಹನಿಗೆ ಅಳಿವೆಯ ಅಲೆ ಯಾವ ಲೆಕ್ಕವೂ ಅಲ್ಲ.

ನಿಮ್ಮ ಐಪಿ 68ರ ಪ್ರಶ್ನೆಗೂ ಇಲ್ಲೇ ಅರ್ಧ ಉತ್ತರ ಬಂತು. ಎಂಟು ಎಂದರೆ ಏಳಕ್ಕಿಂತ ಕಠಿಣವಾದ ಮುಳುಗು ಪರೀಕ್ಷೆ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳಬೇಕು. ಒಬ್ಬರ ಎಂಟು ಒಂದೂವರೆ ಮೀಟರ್, ಇನ್ನೊಬ್ಬರ ಎಂಟು ಮೂರು ಮೀಟರ್. ಅದೂ ಸಿಹಿನೀರಿನಲ್ಲೇ. 68ರ ಮೊದಲ ಅಂಕಿ ಆರು, ಅದು ಧೂಳು ಹೋಗದೆಂಬ ಭರವಸೆ; ಕಯಾಕ್‌ನಲ್ಲಿ ಅದರಿಂದ ಸಿಗುವ ಲಾಭ ಮರಳಿನ ದಡದಲ್ಲಿ ಮಾತ್ರ. ನನ್ನನ್ನು ಕೇಳಿದರೆ, ಐಪಿ 68 ಎಂಬ ಒಂದೇ ಕಾರಣಕ್ಕೆ ದುಪ್ಪಟ್ಟು ಹಣ ಕೊಡಬೇಡಿ. ಅದರ ಬದಲು ಅಂಗಡಿಯಲ್ಲಿ ಯಂತ್ರವನ್ನು ತಿರುಗಿಸಿ ಬೆನ್ನು ನೋಡಿ. ಪ್ಲಗ್‌ಗೆ ತಿರುಗಿಸಿ ಬಿಗಿಮಾಡುವ ಕೊರಳುಂಟೋ, ಅದರೊಳಗೆ ರಬ್ಬರಿನ ಉಂಗುರ ಉಂಟೋ, ಪ್ಲಗ್ ತೆಗೆದಾಗ ಮುಚ್ಚಲು ಟೋಪಿ ಕೊಟ್ಟಿದ್ದಾರೋ, ಕಾರ್ಡ್ ಹಾಕುವ ಬಾಗಿಲು ಎಷ್ಟು ಗಟ್ಟಿ. ನಾಲ್ಕು ಇಂಚಿನ ಸಾದಾ ಯಂತ್ರಗಳಲ್ಲಿ ಕಾರ್ಡಿನ ಬಾಗಿಲೇ ಇಲ್ಲದವು ಸಿಗುತ್ತವೆ. ಕಯಾಕ್‌ಗೆ ಅದು ವರ. ಬಾಗಿಲಿನ ರಬ್ಬರಿನ ಕೆಳಗೆ ಒಂದು ತಲೆಗೂದಲು ಸಿಕ್ಕಿಕೊಂಡು ಹಾಳಾದ ಯಂತ್ರವನ್ನು ನಾನೇ ಬಿಚ್ಚಿದ್ದೇನೆ. ಕೂದಲು ಹೊರಗಿನಿಂದ ಒಳಗಿನವರೆಗೆ ಬಿಳಿ ಉಪ್ಪಿನ ಗೆರೆ ಹೊತ್ತುಕೊಂಡು ಹಾಗೇ ಅಂಟಿಕೊಂಡಿತ್ತು.

ಅಂದ ಹಾಗೆ, ನಿಮ್ಮ ಯಂತ್ರದ ವಂಶಾವಳಿಯೂ ಸ್ವಲ್ಪ ಅರ್ಥ ಹೇಳುತ್ತದೆ. ಶಬ್ದದ ಪ್ರತಿಧ್ವನಿಯಿಂದ ಮೀನು ಹುಡುಕುವ ಸೋನಾರ್ ಯಂತ್ರಕ್ಕೆ ಎರಡು ತವರುಗಳಿವೆ. ಒಂದು ಜಪಾನಿನದು: ಫುರುನೋ ಸಹೋದರರು 1948ರಲ್ಲಿ ಸಮುದ್ರದ ಮೀನುಗಾರರಿಗಾಗಿ ಮಾಡಿದ ಯಂತ್ರ. ಇನ್ನೊಂದು ಅಮೆರಿಕದ್ದು: 1950ರ ದಶಕದ ಕೊನೆಯಲ್ಲಿ ಲೋರೆನ್ಸ್ ಕಂಪನಿಯವರು ಹವ್ಯಾಸಿ ಗಾಳಗಾರರಿಗಾಗಿ ಮಾಡಿದ ಸಣ್ಣ ಪೆಟ್ಟಿಗೆ. ಮಲ್ಪೆಯ ದೊಡ್ಡ ದೋಣಿಗಳಲ್ಲಿ ಮೊದಲ ವಂಶದವು ಚುಕ್ಕಾಣಿ ಕೋಣೆಯ ಮಾಡಿನ ಕೆಳಗೆ ಬೆಚ್ಚಗೆ ಕುಳಿತು ವರ್ಷಗಟ್ಟಲೆ ಬಾಳುತ್ತವೆ. ಅವುಗಳಲ್ಲಿ ಎಷ್ಟೋ ಐಪಿ ಅಂಕಿ ನಿಮ್ಮದಕ್ಕಿಂತ ಕಡಿಮೆಯವು. ಕಯಾಕ್‌ನವರು ಕೊಳ್ಳುವ ನಾಲ್ಕೈದು ಇಂಚಿನವು ಎರಡನೆಯ ವಂಶದ ಮೊಮ್ಮಕ್ಕಳು, ಕೆರೆಯ ನೀರು ಕುಡಿದು ಬೆಳೆದ ಮನೆತನದವು. ಅವನ್ನು ತಂದು ತಲೆಯ ಮೇಲೆ ಸೂರಿಲ್ಲದ, ನೀರಿನಿಂದ ಒಂದು ಅಡಿ ಎತ್ತರವೂ ಇಲ್ಲದ ಜಾಗದಲ್ಲಿ ಕೂರಿಸುತ್ತೇವೆ. ದಾಂಡೇಲಿಯ ಕಾಳಿ ನದಿಯಲ್ಲಿ ಇದೇ ಯಂತ್ರ, ಇದೇ ಅಸಡ್ಡೆ ಇದ್ದರೂ ವರ್ಷಾನುಗಟ್ಟಲೆ ನಡೆದುಹೋಗುತ್ತದೆ. ಹೊಳೆಯ ನೀರಿಗಿಂತ ಸಮುದ್ರದ ನೀರು ನೂರಾರು ಪಟ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ. ನಿಮ್ಮ ಅಳಿವೆ ಎರಡರ ನಡುವಿನದು. ಅಘನಾಶಿನಿಗೆ ಅಣೆಕಟ್ಟಿಲ್ಲದ್ದರಿಂದ ಮಳೆಗಾಲದಲ್ಲಿ ಸಿಹಿನೀರು ಪೂರ್ತಿ ಇಳಿದು ಬರುತ್ತದೆ, ಬೇಸಿಗೆಯಲ್ಲಿ ಸಮುದ್ರದ ಉಬ್ಬರದ ಜೊತೆ ಉಪ್ಪು ಮೇಲೇರುತ್ತದೆ. ಅಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಎರಡನ್ನೂ ತಾಳಿಕೊಳ್ಳುತ್ತದೆ. ನಿಮ್ಮ ಯಂತ್ರ ಕಗ್ಗ ಅಲ್ಲ.

ಅಕ್ಕಿಯ ಮಾತಿಗೆ ಬಂದೆವು. ಅಕ್ಕಿಯಲ್ಲಿ ಹೂಳುವುದು ಮೊಬೈಲ್ ಕಾಲದ ಮನೆಮದ್ದು, ಅದರಿಂದ ಅಕ್ಕಿಗೂ ಯಂತ್ರಕ್ಕೂ ಒಳ್ಳೆಯದಾಗುವುದಿಲ್ಲ. ಒಣ ಅಕ್ಕಿ ಮುಚ್ಚಿದ ಪೆಟ್ಟಿಗೆಯೊಳಗಿನ ತೇವವನ್ನು ಎಳೆದು ತೆಗೆಯಲಾರದು. ಎಳೆದರೂ ಉಪ್ಪು ಒಳಗೇ ಉಳಿಯುತ್ತದೆ. ನಿಜವಾದ ತಂಟೆ ಅದು. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತೇವೆ. ಇಲ್ಲಿ ಉಪ್ಪೇ ನೀರು ಕುಡಿಯುತ್ತದೆ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಅಡುಗೆಯ ಉಪ್ಪು ತಾನಾಗಿ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಅದರ ಅರ್ಧದಷ್ಟು ತೇವವೇ ಸಾಕು. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯೊಳಗೆ ಕೈಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣಗಿಸಿದೆ ಎಂದುಕೊಂಡು ನೀವು ಕಪಾಟಿನಲ್ಲಿಟ್ಟ ಪ್ಲಗ್ಗಿನ ತಳದಲ್ಲಿ ಒಂದು ಚಿಟಿಕೆ ಉಪ್ಪು ಉಳಿದಿದ್ದರೆ, ಜೂನ್ ತಿಂಗಳಲ್ಲಿ ಅದು ಮತ್ತೆ ಸಮುದ್ರವಾಗುತ್ತದೆ.

ಹಾಗಾಗಿ ಉಪ್ಪುನೀರು ಹೊಕ್ಕ ಪ್ಲಗ್ಗಿಗೆ ಮೊದಲ ಚಿಕಿತ್ಸೆ ಒಣಗಿಸುವುದಲ್ಲ, ಮತ್ತೆ ಒದ್ದೆ ಮಾಡುವುದು. ಬ್ಯಾಟರಿ ಕಳಚಿ, ಪ್ಲಗ್ಗಿನ ಎರಡೂ ಬದಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ಅದ್ದಿ ಅಲ್ಲಾಡಿಸಿ. ನೀರು ಜಾಡಿಸಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೋಯಿಸಿದ ಬ್ರಷ್‌ನಿಂದ ಉಜ್ಜಿ, ಫ್ಯಾನಿನ ಗಾಳಿಯಲ್ಲಿ ಒಂದು ರಾತ್ರಿ ಬಿಡಿ. ಬಿಸಿಲಿಗಿಡುವುದು ಬೇಡ. ಪೂರ್ತಿ ಒಣಗಿದ ಮೇಲೆ ರಬ್ಬರಿನ ಉಂಗುರಕ್ಕೂ ಪಿನ್ನುಗಳಿಗೂ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಡೈಎಲೆಕ್ಟ್ರಿಕ್ ಗ್ರೀಸ್ ಎಂದು ಕೇಳಿದರೆ ಕೊಡುತ್ತಾರೆ. ಅದು ವಿದ್ಯುತ್ತನ್ನು ಹರಿಸುವುದಿಲ್ಲ, ಆದರೆ ಪಿನ್ ಬಿಗಿಯಾಗಿ ಹೊಕ್ಕಾಗ ಲೋಹ ಲೋಹಕ್ಕೆ ತಾಗುವಲ್ಲಿ ತಾನೇ ಪಕ್ಕಕ್ಕೆ ಸರಿಯುತ್ತದೆ. ಎಂಜಿನ್ನಿನ ಗ್ರೀಸು ಕೈಗೆ ಸಿಕ್ಕಿತೆಂದು ಹಚ್ಚಬೇಡಿ, ಪೆಟ್ರೋಲಿಯಂ ಎಣ್ಣೆಗೆ ಕೆಲವು ರಬ್ಬರುಗಳು ಊದಿಕೊಳ್ಳುತ್ತವೆ. ಸಂಜೆ ಕಾಂಡ್ಲ ಗಿಡಗಳ ಪಕ್ಕ ಕೆಂಬೇರಿ ಮೀನಿಗೆ ಕಾಯುವಾಗ ಸೊಳ್ಳೆಗೆ ಹಚ್ಚಿಕೊಳ್ಳುವ ಡೀಟ್ ಇರುವ ಮುಲಾಮೂ ಅಂಥದ್ದೇ. ಅದು ಕೆಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುತ್ತದೆ. ಹಚ್ಚಿದ ಕೈಯಲ್ಲಿ ಪರದೆ ಮುಟ್ಟಬೇಡಿ.

ಗಾಜಿನ ಒಳಗಿನ ಮಂಜಿಗೆ ಏನು ಮಾಡುವುದು? ಯಂತ್ರ ಹಚ್ಚಿ ಅರ್ಧ ಗಂಟೆ ಬೆಳಕು ಪೂರ್ತಿ ಏರಿಸಿಡಿ. ಮಂಜು ಕರಗಿ ಹೋಗಿ, ಗೆರೆ ಕಲೆ ಏನೂ ಉಳಿಯದಿದ್ದರೆ ಅದು ಹಸಿ ಗಾಳಿ ಮಾತ್ರ, ನೆಮ್ಮದಿಯಿಂದಿರಿ. ಕೆಲವು ವಾರ ಸಿಲಿಕಾ ಜೆಲ್ ಹಾಕಿದ ಬಿಗಿ ಸ್ಟೀಲ್ ಡಬ್ಬಿಯಲ್ಲಿ, ವೈರಿನ ಟೋಪಿಗಳನ್ನು ತೆಗೆದು ಇಟ್ಟರೆ ನಿಧಾನವಾಗಿ ಕಡಿಮೆಯಾಗುತ್ತದೆ. ಮಂಜು ಆರಿದ ಜಾಗದಲ್ಲಿ ಬಿಳಿ ಗೆರೆ ಉಳಿದರೆ, ಅಥವಾ ಕೆಳಮೂಲೆಯಲ್ಲಿ ಹನಿ ನಿಂತಿದ್ದರೆ, ಒಳಗೆ ಹೋದದ್ದು ನೀರು. ಆಗ ವಾರಂಟಿ ಇದೆಯೇ ನೋಡಿ ಕಳಿಸಿ. ಮನೆಯಲ್ಲಿ ಬಿಚ್ಚಬೇಡಿ, ಇಂಥವನ್ನು ಅಂಟು ಹಾಕಿ ಕೂಡಿಸಿರುತ್ತಾರೆ, ಬಿಚ್ಚಿ ಮತ್ತೆ ಮುಚ್ಚಿದ ಮೇಲೆ ಅದು ಐಪಿಎಕ್ಸ್ 7 ಆಗಿ ಉಳಿಯುವುದಿಲ್ಲ.

ನೀವು ಕೇಳದೇ ಇದ್ದರೂ, ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್ ವೈರನ್ನೊಮ್ಮೆ ಬೆರಳಲ್ಲಿ ಸವರಿ ನೋಡಿ. ಟ್ರಾನ್ಸ್‌ಡ್ಯೂಸರ್ ಸದಾ ನೀರಿನಲ್ಲೇ ಇರಲು ಹುಟ್ಟಿದ್ದು, ಅದರ ಚಿಂತೆ ಬೇಡ. ಆದರೆ ಕಯಾಕಿನ ನೀರಿಳಿಯುವ ತೂತಿನ ಅಂಚಿಗೆ ಉಜ್ಜಿ ವೈರಿನ ಮೇಲ್ಪದರ ಹರಿದಿದ್ದರೆ, ಒಳಗಿನ ಎಳೆಗಳ ನಡುವೆ ನೀರು ದೀಪದ ಬತ್ತಿಗೆ ಎಣ್ಣೆ ಏರಿದಂತೆ ಏರುತ್ತದೆ. ಹರಿದದ್ದು ಕೆಳಗೆ, ಕಿಲುಬು ಕಾಣಿಸುವುದು ಮೂರು ಅಡಿ ಮೇಲೆ ಪ್ಲಗ್ಗಿನಲ್ಲಿ. ಇದನ್ನು ಪತ್ತೆ ಮಾಡದೆ ಪ್ಲಗ್ ಮೂರು ಸಲ ಬದಲಿಸಿದ ಜಾಣರ ಸಾಲಿನಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ.

ಮೊಬೈಲ್ ಬಗ್ಗೆ ಎರಡೇ ಮಾತು. ಐಪಿ 68 ಮೊಬೈಲನ್ನೇ ಕಯಾಕ್‌ನ ಮುಂದೆ ಸಿಕ್ಕಿಸಿ ನಕ್ಷೆ ನೋಡುವವರಿದ್ದಾರೆ. ಅದರ ಚಾರ್ಜಿಂಗ್ ತೂತು ನಿಮ್ಮ ಪ್ಲಗ್ಗಿನಂಥದ್ದೇ, ಪಿನ್ನುಗಳು ಇನ್ನೂ ತೆಳು. ಸಮುದ್ರದಲ್ಲಿ, ಈಜುಕೊಳದಲ್ಲಿ ಬಳಸಬಹುದೆಂಬಂತೆ ತನ್ನ ಕೆಲವು ಗ್ಯಾಲಕ್ಸಿ ಫೋನುಗಳ ಜಾಹೀರಾತು ಮಾಡಿದ್ದಕ್ಕೆ ಆಸ್ಟ್ರೇಲಿಯಾದ ನ್ಯಾಯಾಲಯ 2022ರಲ್ಲಿ ಸ್ಯಾಮ್‌ಸಂಗ್‌ಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಒದ್ದೆ ಇರುವಾಗಲೇ ಚಾರ್ಜಿಗೆ ಹಾಕಿದರೆ ಆ ತೂತು ಕಿಲುಬು ಹಿಡಿಯುತ್ತಿತ್ತು ಎಂಬುದೇ ಅಲ್ಲಿನ ತಕರಾರು. ಹಾಗಾಗಿ ಮೊಬೈಲು ಪಾರದರ್ಶಕ ಚೀಲದಲ್ಲಿ, ಲೈಫ್ ಜಾಕೆಟ್ಟಿನ ಜೇಬಿನಲ್ಲಿ, ನಿಮ್ಮ ಮೈಮೇಲೆ ಇರಲಿ. ಕಯಾಕ್ ಮಗುಚಿದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಬೇಕಾದದ್ದು ಅದೇ. ಅದನ್ನು ಮೀನು ಹುಡುಕಲು ಸವೆಸಬೇಡಿ. ಮನೆಗೆ ಬಂದ ಮೇಲೂ ತೂತು ಪೂರ್ತಿ ಒಣಗದೆ ಚಾರ್ಜಿಗೆ ಹಾಕಬೇಡಿ. ಕೈಯಲ್ಲಿ ಹಿಡಿಯುವ ತೇಲುವ ವಯರ್‌ಲೆಸ್ ಸೆಟ್ಟಿಗೂ ಇದೇ ಶಿಸ್ತು. ಅದಕ್ಕೆ ಪರವಾನಗಿ ಬೇಕು. ವಿದೇಶದಿಂದ ನೆಂಟರು ತಂದುಕೊಡುವ ಉಪಗ್ರಹ ಸಂದೇಶ ಯಂತ್ರವನ್ನಂತೂ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ.

ಕೊನೆಗೆ ಬ್ಯಾಟರಿಯ ಡಬ್ಬಿ. ಯಾವ ಬ್ಯಾಟರಿ ಎಂದು ನೀವು ಬರೆದಿಲ್ಲ. ಯುಪಿಎಸ್‌ನಲ್ಲಿ ಇರುವಂಥ 12 ವೋಲ್ಟಿನ ಸೀಸದ ಬ್ಯಾಟರಿಯಾಗಿದ್ದರೆ ಅದನ್ನು ಗಾಳಿಯಾಡದ ಡಬ್ಬಿಯೊಳಗಿಟ್ಟು ಎಂದೂ ಚಾರ್ಜ್ ಮಾಡಬೇಡಿ. ‘ಸೀಲ್ಡ್’ ಎಂದು ಬರೆದಿದ್ದರೂ ಹೆಚ್ಚು ಚಾರ್ಜ್ ಆದಾಗ ಅದರ ಕವಾಟದಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡ 4ರಷ್ಟು ಸೇರಿದರೆ ಒಂದು ಕಿಡಿ ಸಾಕು. ಚಾರ್ಜ್ ಮಾಡುವಾಗ ಹೊರಗೆ ತೆಗೆದಿಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಆ ಬಾಧೆಯಿಲ್ಲ, ತೂಕವೂ ಅರ್ಧಕ್ಕೆ ಇಳಿಯುತ್ತದೆ. ಕಯಾಕ್‌ಗೆ ಹಣ ಹಾಕುವುದಿದ್ದರೆ ಐಪಿ 68ಕ್ಕಿಂತ ಮೊದಲು ಇದಕ್ಕೆ ಹಾಕಿ. ಯಾವುದೇ ಇರಲಿ, ಡಬ್ಬಿಯೊಳಗೆ ಉಪ್ಪುನೀರು ನಿಂತು ಎರಡು ತುದಿಗಳನ್ನೂ ಮುಟ್ಟಿದರೆ ಲೋಟದ ಪ್ರಯೋಗ ದೊಡ್ಡದಾಗಿ ನಡೆಯುತ್ತದೆ: ಒಂದು ತುದಿಯಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಕ್ಲೋರಿನ್. ಮುಚ್ಚಳ ತೆಗೆದಾಗ ಈಜುಕೊಳದ ವಾಸನೆ ಬಂದರೆ ಮುಖ ಹಿಂದಕ್ಕೆ ತೆಗೆದುಕೊಳ್ಳಿ.

ವೈರು ಹೊರಬರಲು ಡಬ್ಬಿಗೆ ತೂತು ಕೊರೆಯಲೇಬೇಕಲ್ಲ, ಎಲ್ಲರೂ ಸೋಲುವುದು ಅಲ್ಲಿಯೇ. ಎಂ-ಸೀಲ್ ಮೆತ್ತಿದರೆ ಒಂದು ತಿಂಗಳು ನಿಲ್ಲುತ್ತದೆ. ವೈರು ಅಲ್ಲಾಡಿ ಅಲ್ಲಾಡಿ ಅಂಚು ಬಿಡುತ್ತದೆ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ವೈರಿನ ಸುತ್ತ ರಬ್ಬರನ್ನು ಬಿಗಿಯುವ ತಿರುಪು, ಕೇಬಲ್ ಗ್ಲಾಂಡ್ ಸಿಗುತ್ತದೆ, ನಿಮ್ಮ ವೈರಿನ ದಪ್ಪಕ್ಕೆ ಪಿಜಿ 7 ಅಳತೆಯದು ಸಾಕಾಗಬಹುದು. ಒಂದು ಗ್ಲಾಂಡಿನಲ್ಲಿ ಒಂದೇ ದುಂಡನೆಯ ವೈರು. ಎರಡು ತೆಳು ವೈರುಗಳನ್ನು ಒಟ್ಟಿಗೆ ತುರುಕಿದರೆ ನಡುವಿನ ಸಂದು ತೆರೆದೇ ಇರುತ್ತದೆ. ತೂತು ಡಬ್ಬಿಯ ಪಕ್ಕದಲ್ಲಿರಲಿ, ಮುಚ್ಚಳದಲ್ಲಿ ಬೇಡ. ಹೊರಗೆ ಬಂದ ವೈರು ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಲಿ, ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಡಬ್ಬಿ ನಿಜಕ್ಕೂ ನೀರು ತಡೆಯುತ್ತದೆಯೇ ಎಂದು ತಿಳಿಯಲು ಅಂಗಡಿಯವನ ಮಾತು ಬೇಡ. ಗ್ಲಾಂಡ್ ಕೂರಿಸಿ, ಒಳಗೆ ಒಂದು ಕಲ್ಲು ಮತ್ತು ಎರಡು ಟಿಶ್ಯೂ ಕಾಗದ ಇಟ್ಟು ಮುಚ್ಚಿ. ಒಂದು ಗಂಟೆ ಬಿಸಿಲಿಗಿಡಿ, ಮುಟ್ಟಿದರೆ ಬಿಸಿ ತಾಗುವಷ್ಟು ಕಾಯಲಿ. ಹಾಗೇ ಎತ್ತಿ ನೀರು ತುಂಬಿದ ಡ್ರಮ್ಮಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಪ್ರಯೋಗಾಲಯದವರು ಬಿಟ್ಟ ಬಿಸಿಯ ಷರತ್ತನ್ನು ನೀವು ಸೇರಿಸಿದಂತಾಯಿತು. ತೆಗೆದು, ಹೊರಗನ್ನು ಒರೆಸಿ, ಆಮೇಲೆ ಮುಚ್ಚಳ ಬಿಚ್ಚಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಮೂಲೆಯಲ್ಲಿ ಒಂದು ಬಿಂದು ಒದ್ದೆ ಕಂಡರೂ ಆ ಡಬ್ಬಿ ಬ್ಯಾಟರಿಗೆ ಬೇಡ, ಸಿಗಡಿ ಇಡಲು ಬಳಸಿ. ಒಣಗಿದ್ದರೆ ಈ ವರ್ಷಕ್ಕೆ ಆಯಿತು. ಮುಂದಿನ ವರ್ಷ ಮಳೆಗಾಲ ಕಳೆದ ಮೇಲೆ, ರಬ್ಬರ್ ಮತ್ತೊಂದಿಷ್ಟು ಗಟ್ಟಿಯಾಗಿರುತ್ತದೆ, ಆಗ ಇನ್ನೊಮ್ಮೆ ಮಾಡಿ.